ದಂಡದ ಎಣ್ಣೆ

ಆಗಸ್ಟ್ 19, ಸೋಮವಾರ

ಕಾಂಚನಾಳ ಹೆಸರು ಅಚ್ಚಾಗಿದೆ. ಬರೀ ಹೆಸರಲ್ಲ, ಫೋಟೋ ಸಮೇತ. ಮೊಳಕಾಲ್ಮುರಿನಿಂದ ಹೊರಡುವ ‘ಕಲಿಧ್ವಜ’ ಎಂಬ ಇತಿಹಾಸದ ಮಾಸಪತ್ರಿಕೆ. ಅಂಚೆಯವನು ಬಂದಾಗ ಅವಳು ಸ್ನಾನಕ್ಕೆ ಹೋಗಿದ್ದಳು, ನಾನೇ ಇಸಿದುಕೊಂಡೆ. ಬಿಚ್ಚಬಾರದಿತ್ತೇನೋ. ಕವರು ಮೊದಲೇ ಒಂದು ಕಡೆ ಹರಿದಿತ್ತು, ಅಷ್ಟೆ.

‘ಚಳ್ಳಕೆರೆಯ ಅಜ್ಞಾತ ವೀರ’ ಎಂದು ತಲೆಬರಹ. ನಮ್ಮ ಹಿತ್ತಲಾಚೆ, ಎಣ್ಣೆ ಮಿಲ್ಲಿನ ಗೋಡೆ ಪಕ್ಕ ನಿಂತಿರುವ ವೀರಗಲ್ಲಿನ ಬಗ್ಗೆ. ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಆ ಕಲ್ಲಿನ ಮುಂದೆ ಕಸ ಗುಡಿಸಿದವಳು ನಾನು. ನಾಯಿ ಗಲೀಜು ಮಾಡಿದರೆ ನೀರು ಸುರಿದವಳು ನಾನು. ಕಾಂಚನಾ ಮೈದುನನ ಹೆಂಡತಿ, ಮೊನ್ನೆ ಮೊನ್ನೆ ಬಂದವಳು. ಮೊಬೈಲಿನಲ್ಲಿ ಫೋಟೋ ಹೊಡೆದಳು, ಬರೆದಳು, ಕಲ್ಲು ಅವಳದಾಯಿತು. ಬಿ.ಎ. ಓದಿದ್ದಾಳೆ, ಅದೂ ಇತಿಹಾಸ. ನಾನು ಅವ್ವನಿಗೆ ಹುಷಾರಿಲ್ಲವೆಂದು ಒಂಬತ್ತನೇ ಕ್ಲಾಸಿನಲ್ಲಿ ಬಿಟ್ಟವಳು. ಆಮೇಲೆ ಟ್ಯುಟೋರಿಯಲ್‌ಗೆ ಸೇರಿ ಹತ್ತನೆಯದು ಕಟ್ಟಿದೆ. ಗಣಿತದ ದಿನ ಹೆದರಿ ಹೊಟ್ಟೆ ಕೆಟ್ಟು ಪರೀಕ್ಷೆಗೇ ಹೋಗಲಿಲ್ಲ.

ಅವಳು ಬರೆದ ಪ್ರಕಾರ, ಪರದೇಶದಿಂದ ದಂಡೆತ್ತಿ ಬಂದವರ ಕೂಡ ಕಾದಾಡಿ ಸತ್ತ ನಾಯಕನಂತೆ ಅವನು. ಕಲ್ಲಿನ ಕೆಳಗಿನ ಸಾಲಿನಲ್ಲಿ ದನಗಳಿವೆ. ಪಕ್ಕದ ಊರಿನವರು ನಮ್ಮ ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನು ಎಂದು ಅತ್ತೆ ಹೇಳುತ್ತಾರೆ. ದನದ ಸುದ್ದಿಯನ್ನೇ ಕಾಂಚನಾ ಎತ್ತಿಲ್ಲ.

ಇನ್ನೊಂದೂ ಬಿಟ್ಟಿದ್ದಾಳೆ. ಕಡೇ ಕಾರ್ತಿಕ ಸೋಮವಾರ ಕಲ್ಲಿಗೆ ಪೂಜೆ. ಆ ದಿನ ಪಕ್ಕದ ಮನೆಯ ಸಕೀನವ್ವ ಹೊಸ ಶೇಂಗಾದ ಎಣ್ಣೆ ತಂದು ತಮ್ಮ ಕೈಯಾರೆ ಕಲ್ಲಿಗೆ ಹಚ್ಚಬೇಕು. ಆಮೇಲೆಯೇ ನಮ್ಮ ಅರಿಶಿನ, ಕುಂಕುಮ, ಕಾಯಿ. ಸಾಬರ ಮನೆ ಎಣ್ಣೆ ಯಾಕೆ ಎಂದು ಮದುವೆಯಾದ ವರ್ಷ ಕೇಳಿದ್ದೆ.

“ನಂಗೇನ್ ಗೊತ್ತೇ? ನಮ್ಮತ್ತೆ ಕಾಲ್ದಾಗೂ ಹಂಗೇ ಇತ್ತು. ಅವರು ಎಣ್ಣೆ ತರ್ತಾರೆ, ನಾವು ಕಾಯಿ ಒಡೀತೀವಿ,” ಎಂದಿದ್ದರು ಅತ್ತೆ. ಅವರ ಅತ್ತೆಯನ್ನು ಕೇಳೋಣವೆಂದರೆ ನಾನು ಬರುವ ಹೊತ್ತಿಗೆ ಅವರು ಗೋಡೆಯ ಮೇಲಿನ ಫೋಟೋ ಆಗಿದ್ದರು.

ಕವರನ್ನು ಗೋಂದು ಹಾಕಿ ಅಂಟಿಸಿ ಇಟ್ಟೆ. ಗೊತ್ತಾಗಲಿಕ್ಕಿಲ್ಲ.

ಆಗಸ್ಟ್ 22, ಗುರುವಾರ

ಹೊಟ್ಟೆಯ ಬಲಗಡೆ ಏನೋ ಹಿಡಿದಂತೆ ಎರಡು ದಿನದಿಂದ. ಇವರಿಗೆ ಹೇಳಿದರೆ “ನಾಳೆ ನೋಡಾಣ” ಎಂದು ಮಾರ್ಕೆಟ್ ಯಾರ್ಡಿಗೆ ಹೋದರು. ಸಕೀನವ್ವನ ಹತ್ತಿರ ಹೋಗಿ ಕೂತೆ. ಅವರು ಜೀರಿಗೆ ನೀರು ಕುದಿಸಿ ಕೊಟ್ಟರು.

“ಏನೂ ಆಗಲ್ಲ ಹೋಗೇ. ನಿನ್ ಹೊಟ್ಟೇಲಿರೋದೂ ಗಾಳಿ, ತಲೇಲಿರೋದೂ ಗಾಳಿ.”

ಅವರು ‘ಏನೂ ಆಗಲ್ಲ’ ಎಂದರೆ ನನಗೆ ನಿಜವಾಗಿಯೂ ಏನೂ ಆಗುವುದಿಲ್ಲ. ಆಶಾ ಹುಟ್ಟುವಾಗಲೂ ಆಸ್ಪತ್ರೆಯಲ್ಲಿ ಕೈ ಹಿಡಿದು ಇದನ್ನೇ ಹೇಳುತ್ತಿದ್ದರು. ಈಗ ಅವಳು ಚಿತ್ರದುರ್ಗದ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿದ್ದಾಳೆ. ಅವಳ ಫೋನು ಬರದಿದ್ದರೂ ನಾನು ಓಡುವುದು ಇಲ್ಲಿಗೇ.

ಕಾಂಚನಾಳ ಲೇಖನದ ವಿಷಯ ತೆಗೆದೆ. “ಓದಿದ ಹುಡುಗಿ, ಬರೀಲಿ ಬಿಡು. ಚೆಂದ ಬಂದೈತೆ ಫೋಟೋ,” ಎಂದರು. ಸಕೀನವ್ವನಿಗೂ ತೋರಿಸಿ ಹೋಗಿದ್ದಾಳೆ. ಜೀರಿಗೆ ನೀರು ಪೂರ್ತಿ ಕುಡಿಯಲಾಗಲಿಲ್ಲ.

ಸೆಪ್ಟೆಂಬರ್ 1, ಭಾನುವಾರ



ಕಲಿಧ್ವಜದ ಸಂಪಾದಕರು ಜಂಪಣ್ಣನವರು ಮನೆಗೆ ಬಂದಿದ್ದರು. ಹಿಂದೆ ಯಾವುದೋ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವರಂತೆ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಕಾಂಚನಾಳನ್ನು ‘ಮೇಡಂ’ ಎಂದರು, ‘ನಮ್ಮ ಯುವ ಸಂಶೋಧಕಿ’ ಎಂದರು, ಕುರ್ಚಿ ಎಳೆದು ಕೂರಿಸಿದರು. ನಾನು ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ, ಚಹಾ ಹೊತ್ತುಕೊಂಡು ಓಡಾಡುತ್ತಿದ್ದೆ. ನನ್ನ ಕಡೆ ತಿರುಗಿ ಅವರು ಆಡಿದ್ದು ಒಂದೇ ಮಾತು: “ಅಮ್ಮಾ, ಸಕ್ಕರೆ ಒಂಚೂರು ಕಡ್ಮೆ ಹಾಕ್ರಿ.”

ಇವರು ಸುಮ್ಮನಿರಲಾರದೆ ಕಾರ್ತಿಕದ ಎಣ್ಣೆಯ ವಿಷಯ ಹೇಳಿದರು. ಜಂಪಣ್ಣ ಬಜ್ಜಿ ಕೆಳಗಿಟ್ಟರು.

“ಸಾಬ್ರು ಬಂದು ಹಚ್ತಾರಾ? ಯಾಕೆ ಮೇಡಂ?”

“ಗೊತ್ತಿಲ್ಲ ಸರ್,” ಎಂದಳು ಕಾಂಚನಾ. “ಅದ್ಕೇ ಬರೀಲಿಲ್ಲ.”

ಬಿ.ಎ. ಓದಿದವಳು, ಗೊತ್ತಿಲ್ಲ ಎಂದು ಆರಾಮಾಗಿ ಹೇಳುತ್ತಾಳೆ, ಆದರೂ ಅವಳೇ ಮೇಡಂ. ನನಗೆ ಏನಾಯಿತೋ. ಅಡುಗೆಮನೆ ಬಾಗಿಲಲ್ಲಿ ನಿಂತುಕೊಂಡೇ ಅಂದುಬಿಟ್ಟೆ.

“ದಂಡ ಅದು.”

ಎಲ್ಲರೂ ತಿರುಗಿದರು.

“ದಂಡ ಅಂದ್ರೆ?”

“ಅವರ ಮನೆ ಹಿರೇರೊಬ್ರು ಆ ವೀರನ್ನ ಹಿಂದಿನಿಂದ ಹೊಡೆದ್ರಂತೆ. ತಪ್ಪಿಗೆ ದಂಡ ಅಂತ ವರ್ಷಾ ವರ್ಷಾ ಎಣ್ಣೆ.”

“ಯಾರು ಹೇಳಿದ್ದಮ್ಮಾ ಇದನ್ನ?”

“ಹಿರೇರು.”

ಜಂಪಣ್ಣ ತಾವೇ ಎದ್ದು ನನಗೆ ಕುರ್ಚಿ ಕೊಟ್ಟರು. ಕಾಂಚನಾ ಎದ್ದು ನಿಂತಿದ್ದಳು. ಬಜ್ಜಿ ಬಾಣಲೆಯಲ್ಲಿ ಕರಕಲಾಯಿತು, ಯಾರೂ ಬೈಯಲಿಲ್ಲ. ಅತ್ತೆ ಒಳಕೋಣೆಯಲ್ಲಿ ಮಲಗಿದ್ದರು, ಅವರಿಗೆ ಕೇಳಿಸಿಲ್ಲ.

ಸೆಪ್ಟೆಂಬರ್ 2, ಸೋಮವಾರ

ತಪ್ಪು ಹೇಳಿದೆನಾ? ಬೆಳಿಗ್ಗೆಯಿಂದ ಅದೇ. ಎರಡು ಸಲ ಹಾಲು ಉಕ್ಕಿತು.

ಯಾರೋ ಹೇಳಿದ್ದನ್ನು ಕೇಳಿದ ಹಾಗಿದೆ. ಕೇಳದೆ ಬಾಯಿಗೆ ಹೇಗೆ ಬರುತ್ತದೆ? ದಂಡವಲ್ಲದಿದ್ದರೆ ಯಾರಾದರೂ ಇನ್ನೊಬ್ಬರ ದೇವರಿಗೆ ವರ್ಷಾ ವರ್ಷಾ ಎಣ್ಣೆ ತರುತ್ತಾರಾ? ನಾವೂ ಮೊಹರಂನಲ್ಲಿ ಪೀರಲ ದೇವರಿಗೆ ಸಕ್ಕರೆ ಓದಿಸುತ್ತೇವೆ ನಿಜ. ಅದು ಬೇರೆ. ಅದು ಭಕ್ತಿ.

ಸೆಪ್ಟೆಂಬರ್ 14, ಶನಿವಾರ

ಹೋದ ಶನಿವಾರ ಜಂಪಣ್ಣನವರ ಫೋನು ಬಂದಿತ್ತು. ಕಾಂಚನಾಳಿಗಲ್ಲ, ನನಗೆ! “ನೀವೇ ಬರೀರಿ ಪ್ರೇಮಲತಮ್ಮ, ಅಕ್ಷರ ತಪ್ಪಿದ್ರೆ ನಾವು ತಿದ್ಕೋತೀವಿ. ವಿಷಯ ಮುಖ್ಯ.”

ವಾರವೆಲ್ಲ ಬರೆದೆ. ಬರೆಯುತ್ತ ಹೋದಂತೆ ಒಂದೊಂದೇ ನೆನಪಾಯಿತು. ಅತ್ತೆಯ ಅತ್ತೆ ಹೇಳಿದ್ದು ಎಂದು ಬರೆದೆ. ಅವರೇ ಇರಬೇಕು, ಮತ್ಯಾರು ಹೇಳಿಯಾರು? ವೀರನು ಸಂಜೆ ದೀಪದ ಹೊತ್ತಿಗೆ ಕೈಮುಗಿದು ನಿಂತಿದ್ದಾಗ ಹಿಂದಿನಿಂದ ಬಂದು ಹೊಡೆದರಂತೆ. ಆ ಸಾಲು ಬರೆಯುವಾಗ ನನಗೇ ಅಳು ಬಂತು.

ಕಾಂಚನಾ ಇಣುಕಿದಳು. “ಅಕ್ಕಾ, ಕಳಿಸೋಕ್ ಮುಂಚೆ ನಾನೊಂದ್ಸಲ ನೋಡ್ಲಾ?”

ಹಾಳೆ ಮಡಚಿಕೊಂಡೆ. ನೋಡಿದರೆ ತನ್ನದು ಮಾಡಿಕೊಳ್ಳುತ್ತಾಳೆ. ಕಲ್ಲನ್ನು ಮಾಡಿಕೊಳ್ಳಲಿಲ್ಲವೇ?

ಅಕ್ಟೋಬರ್ 7, ಸೋಮವಾರ

ಬಂತು. ಮುಖಪುಟದಲ್ಲೇ! ‘ದಂಡದ ಎಣ್ಣೆ: ಮುಚ್ಚಿಟ್ಟ ರಕ್ತಚರಿತ್ರೆ. ಲೇಖಕಿ: ಶ್ರೀಮತಿ ಪ್ರೇಮಲತಾ ಎರ್ರಿಸ್ವಾಮಿ.’ ಕಾಂಚನಾಳದು ಒಳಗಿನ ಪುಟದಲ್ಲಿ ಬಂದಿತ್ತು, ಕಪ್ಪು ಬಿಳುಪು.

ನಾನು ಬರೆಯದ ಕೆಲವೂ ಇವೆ. ಹೊಡೆದವನ ಹೆಸರಿದೆ, ಇಸವಿ ಇದೆ. ಹಸುಗಳನ್ನು ಕಡಿದರು ಎಂದೂ ಇದೆ. ಸಂಪಾದಕರಿಗೆ ಬೇರೆ ಆಧಾರ ಸಿಕ್ಕಿರಬೇಕು. ಹಾಗಾದರೆ ನಾನು ಹೇಳಿದ್ದು ನಿಜವೆಂದೇ ಆಯಿತಲ್ಲ. ಒಂದು ತಿಂಗಳಿಂದ ಸುಮ್ಮನೆ ಹೆದರಿದೆ.

ಊಟಕ್ಕೆ ಕೂತಾಗ ಇವರು, “ಏನ್ರೀ ಲೇಖಕಿಯವ್ರೇ, ಈ ಸಾರಿಗೆ ಉಪ್ಪು ಯಾವ ಶತಮಾನದಾಗ ಹಾಕಿದ್ದು?” ಎಂದರು. ಇವರ ತಮಾಷೆ ಯಾವಾಗಲೂ ನನ್ನ ಮೇಲೆಯೇ. ಕಾಂಚನಾ ನಗಲಿಲ್ಲ. ಹೇಗೆ ನಕ್ಕಾಳು?

ಅಕ್ಟೋಬರ್ 20, ಭಾನುವಾರ

ಮೊಳಕಾಲ್ಮುರಿನಲ್ಲಿ ಕಲಿಧ್ವಜದ ವಾರ್ಷಿಕ ಸಮಾರಂಭ. ಮದುವೆಯ ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ. ಬಸ್ಸಿನಲ್ಲಿ ಸೆರಗು ಕಿಟಕಿಗೆ ಸಿಕ್ಕು ಎಲ್ಲಿ ಹರಿಯುತ್ತದೋ ಎಂದು ತಳಕು ದಾಟುವವರೆಗೂ ಮಡಿಲಲ್ಲೇ ಹಿಡಿದಿದ್ದೆ. ಕಾಂಚನಾಳ ತವರು ಅದೇ ಊರು, ಆದರೂ ಅವಳು ಬರಲಿಲ್ಲ. ತಲೆನೋವಂತೆ.

ಶಾಲು, ಹಾರ, ಹಣ್ಣಿನ ಬುಟ್ಟಿ. ಮೈಕು ಕೈಗೆ ಕೊಟ್ಟಾಗ ಮೊದಲು ನನ್ನ ಹೆಸರು, ಊರು ಹೇಳಿದೆ. ಆಮೇಲೆ ತಾನಾಗಿ ಬಂತು. ಅತ್ತೆಯ ಅತ್ತೆ, ಆ ಅಜ್ಜಿ, ನಡುಮನೆಯ ಮಂಚದ ಮೇಲೆ ಮಲಗಿರುತ್ತಿದ್ದದ್ದು, ಬೇಸಿಗೆಯ ಮಧ್ಯಾಹ್ನ ನಾನು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದದ್ದು, ಅವರು ನನ್ನ ಕೈ ಹಿಡಿದು “ಇದನ್ನ ಯಾರಾದ್ರೂ ಒಬ್ರಿಗೆ ಹೇಳಿ ಹೋಗ್ಬೇಕು ಕಣೇ” ಎಂದದ್ದು, ಎಲ್ಲ ಹೇಳಿದೆ. ಎಲೆ ಅಡಿಕೆಯ ವಾಸನೆಯೂ ಮೂಗಿಗೆ ಬಂದಂತಾಯಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಒಬ್ಬ ಹೆಂಗಸು ಕಾಲಿಗೆ ಬಿದ್ದಳು.

ಇದನ್ನೆಲ್ಲ ಕಾಂಚನಾ ನೋಡಬೇಕಿತ್ತು.

ಅಕ್ಟೋಬರ್ 23, ಬುಧವಾರ

ಬೆಳಿಗ್ಗೆ ಎದೆ ಹೊಡೆದುಕೊಳ್ಳುತ್ತಿತ್ತು. ಸಕೀನವ್ವನ ಮನೆಗೆ ಹೋದೆ. ಎಷ್ಟೋ ದಿನವಾಗಿತ್ತು ಹೋಗಿ, ಪುರಸೊತ್ತೆಲ್ಲಿ. ಅವರು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ‘ಕೂತ್ಕೋ’ ಎನ್ನಲಿಲ್ಲ. ನಾನೇ ಕೂತೆ.

“ಪ್ರೇಮಾ, ನಮ್ಮನೇರು ಯಾರನ್ನ ಕೊಂದ್ರೇ?”

ತಲೆ ಎತ್ತದೆ ಕೇಳಿದರು.

“ಅಯ್ಯೋ ಸಕೀನವ್ವ, ಅದು ಹಳೇ ಕಾಲದ್ದು. ನಿಮಗೇನೂ ಅಂದಿಲ್ಲ.”

“ಹಳೇ ಕಾಲ್ದೋರು ಸತ್ತೋಗ್ಯಾರೆ ಬೇಟಾ. ಮಿಲ್ಲಿಗೆ ಹೋಗೋದು ಇವ್ರು.”

ಸಕೀನವ್ವನ ಗಂಡ ವಲಿಸಾಬರು ಮಿಲ್ಲಿನಲ್ಲಿ ಯಂತ್ರ ರಿಪೇರಿ ಮಾಡುವವರು. ಅಲ್ಲಿನ ಹುಡುಗರು ‘ಏನ್ ವಲಿಸಾಬ, ಈ ವರ್ಷದ ದಂಡ ರೆಡಿ ಐತಾ?’ ಎನ್ನುತ್ತಾರಂತೆ. ಬೆನ್ನು ತಿರುಗಿಸಿದರೆ ‘ಹಿಂದಿನಿಂದ ಹೊಡೀತಾನೆ, ಹುಷಾರು’ ಎನ್ನುತ್ತಾರಂತೆ. ಎರಡು ದಿನದಿಂದ ಕೆಲಸಕ್ಕೆ ಹೋಗಿಲ್ಲ, ಒಳಗೆ ಮಲಗಿದ್ದಾರೆ.

“ಹುಡುಗ್ರು ತಮಾಷೆ ಮಾಡಿದ್ರೆ ನಾನೇನ್ ಮಾಡ್ಲಿ?” ಎಂದೆ. ತಪ್ಪೇನಿದೆ ಅದರಲ್ಲಿ? ಅವರು ಮೊರ ಕೇರಿದರು. ಹೊಟ್ಟು ನನ್ನ ಸೀರೆಯ ಮೇಲೆ ಬಿತ್ತು. ಬೇಕೆಂದೇ ಬೀಳಿಸಿದರಾ ಎಂದು ಅನುಮಾನ.

ಎದೆ ಹೊಡೆದುಕೊಳ್ಳುವುದು ನಿಂತಿಲ್ಲ. ಹೇಳಲು ಮರೆತೆ.

ನವೆಂಬರ್ 5, ಮಂಗಳವಾರ

ಕಾಂಚನಾ ನನ್ನನ್ನು ಹಿತ್ತಲಿಗೆ ಕರೆದಳು. ಒಗೆದ ಬಟ್ಟೆ ಹಿಂಡುತ್ತಲೇ ಮಾತು.

“ಅಕ್ಕಾ, ಬೇಜಾರ್ ಮಾಡ್ಕಾಬೇಡ್ರಿ. ಆ ಅಜ್ಜಿ ನಿಮ್ ಮದ್ವೆಗ್ ಮುಂಚೇನೇ ಹೋಗಿದ್ರಂತೆ. ಅತ್ತೇನ ಕೇಳ್ದೆ.”

“ಅತ್ತೆಗೆ ಈಗ ಏನ್ ನೆನಪಿರ್ತೈತೆ? ನೆನ್ನೆ ಮಾತ್ರೆ ನುಂಗಿದ್ದೇ ನೆನಪಿರಲ್ಲ.”

“ನಾನೂ ತಪ್ಪು ಮಾಡೀನಿ ಅಕ್ಕಾ. ದನಗಳ ವಿಷಯ ಬಿಟ್ಟೆ. ದನಗಳ್ಳರ ಕಥೆ ಅಂದ್ರೆ ಅವ್ರು ಹಾಕ್ಕಾಳಲ್ಲ ಅನ್ಸ್ತು. ಅದ್ನೇ ಬರ್ದು ಜಂಪಣ್ಣೋರಿಗೆ ಕಳ್ಸೀನಿ. ನೀವೂ ಒಂದ್ ಸಾಲು ಬರ್ದುಬಿಡ್ರಿ, ಗೊತ್ತಿಲ್ದೆ ಹೇಳ್ದೆ ಅಂತ. ಪೂಜೆಗೆ ಮುಂಚೆ ಸರಿಹೋಗ್ಲಿ. ಇಲ್ಲಾಂದ್ರೆ ಸಕೀನವ್ವ ಈ ವರ್ಷ ಬರಲ್ಲ.”

ಎಂಥ ಉಪಾಯ! ತಾನು ಮುಖಪುಟಕ್ಕೆ ಬರಲಿಲ್ಲವೆಂದು ನನ್ನನ್ನೂ ಇಳಿಸಬೇಕು. ಹೊಟ್ಟೆಕಿಚ್ಚು ಮನುಷ್ಯರಿಂದ ಏನೇನು ಆಡಿಸುತ್ತದೆ! ಪಾಪ, ಅವಳಿಗೆ ಅದು ಗೊತ್ತೂ ಆಗುವುದಿಲ್ಲ.

“ನಾನು ಅಜ್ಜಿ ಕೈ ಹಿಡ್ಕಂಡು ಕೂತಿದ್ದೋಳು. ನೀನು ಹೇಳ್ಕೊಡ್ಬೇಡ,” ಎಂದೆ.

ಸಂಜೆ ಜಂಪಣ್ಣನವರಿಗೆ ಫೋನು ಮಾಡಿದೆ. “ಆಯಮ್ಮನ ಪತ್ರ ಬಂದೈತೆ, ಪಕ್ಕಕ್ಕಿಟ್ಟೀನಿ. ಹೆದರ್ಕೋಬೇಡಿ, ಪ್ರಿಂಟಿಗೆ ಹೋಗಲ್ಲ,” ಎಂದರು. ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಬಂದೀತು ಅನ್ನಿಸುತ್ತಿದೆ.

ನವೆಂಬರ್ 25, ಕಡೇ ಕಾರ್ತಿಕ ಸೋಮವಾರ

ಬೆಳಿಗ್ಗೆಯೇ ಜಂಪಣ್ಣನವರು ಬಂದರು. ಜೊತೆಗೆ ಬೈಕುಗಳ ಮೇಲೆ ಹುಡುಗರು, ಕ್ಯಾಮೆರಾ. ಕಲ್ಲಿಗೆ ಬಾಳೆಕಂದು ಕಟ್ಟಿದ್ದರು. ನಾನು ಗುಡಿಸುವ ಜಾಗವನ್ನು ಈ ಸಲ ಅವರೇ ಗುಡಿಸಿದ್ದರು. ಸಕೀನವ್ವನಿಂದ ಎಣ್ಣೆ ಇಸಿದುಕೊಂಡರೂ ಕಲ್ಲು ಮುಟ್ಟಲು ಬಿಡಬಾರದು, ‘ದಂಡ ಸಲ್ಲಿಕೆ’ ಎಂದು ಫೋಟೋ ತೆಗೆಯಬೇಕು ಎಂದು ಅವರವರೇ ಮಾತಾಡಿಕೊಂಡರು. ನಾನು ಅರಿಶಿನ, ಕುಂಕುಮದ ತಟ್ಟೆಯನ್ನು ಇನ್ನೊಮ್ಮೆ ಜೋಡಿಸಿದೆ.

ಅತ್ತೆ ಕಾಯಿ ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮುಂದೆ ಕೂತಿದ್ದರು. ಬಿಸಿಲು ಏರಿತು. ಸಕೀನವ್ವ ಬರಲಿಲ್ಲ.

“ಶುರು ಮಾಡ್ರಿ ಯರ್ರಮ್ಮ,” ಎಂದರು ಜಂಪಣ್ಣ ಅತ್ತೆಗೆ.

“ಎಣ್ಣೆ ಬರ್ಲಿ.”

“ಬರ್ದಿದ್ರೆ?”

“ಬರ್ದೆ ಎಂಗೆ ಒಡೀಲಪ್ಪಾ? ನೀನ್ ಯಾವೂರೋನು?”

ಹುಡುಗರು ನಕ್ಕರು. ಅತ್ತೆ ಕಾಂಚನಾಳನ್ನು ಕಳಿಸಿದರು. ನನ್ನನ್ನು ಕಳಿಸಬಹುದಿತ್ತು. ಹಿರಿಸೊಸೆ ನಾನು.

ಸ್ವಲ್ಪ ಹೊತ್ತಿಗೆ ಕಾಂಚನಾಳ ಜೊತೆ ಸಕೀನವ್ವ ಬಂದರು. ಕೈ ಖಾಲಿ. ಯಾರ ಕಡೆಯೂ ನೋಡಲಿಲ್ಲ, ನನ್ನ ಮುಂದೆ ಬಂದು ನಿಂತರು.

“ಎಣ್ಣೆ ತರ್ಲಿಲ್ವಾ?” ಎಂದೆ.

“ಎಣ್ಣೆ ಇತ್ತು ಬೇಟಾ. ನಮ್ಮತ್ತೆ ಕಾಲ್ದಿಂದ ಎಣ್ಣೇನೇ ತಂದ್ವಿ. ನೀನು ಅದನ್ನ ದಂಡ ಅಂತ ಬರ್ದೆ. ದಂಡ ಆದ್ರೆ ಎಷ್ಟು ತಲೆಮಾರು ಕಟ್ಟೋದು ಹೇಳು? ತೀರ್ತು ಅನ್ಕೋ.”

ಹುಡುಗನೊಬ್ಬ ಏನೋ ಕೂಗಿದ. ಸಕೀನವ್ವ ಅತ್ತೆಯ ಮುಂದೆ ಬಗ್ಗಿ ಅವರ ಮಂಡಿ ಮುಟ್ಟಿದರು. “ಬರ್ತೀನಕ್ಕಾ.”

ಅತ್ತೆ ಕಾಯಿ ಒಡೆಯಲಿಲ್ಲ. ಕಾಂಚನಾಳ ಭುಜ ಹಿಡಿದು ಎದ್ದು, ಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಸಕೀನವ್ವನ ಹಿಂದೆಯೇ ನಡೆದರು. ಇವರೂ “ಯಾರ್ಡಿನಾಗೆ ಕೆಲ್ಸ ಐತೆ” ಎಂದು ಹೊರಟರು. ಕಡೇ ಸೋಮವಾರ ಇವರು ಯಾವತ್ತೂ ಕೆಲಸಕ್ಕೆ ಹೋದವರಲ್ಲ.

ಜಂಪಣ್ಣನವರು ಅಂಗಡಿಯಿಂದ ಪ್ಯಾಕೆಟ್ ಎಣ್ಣೆ ತರಿಸಿದರು. ಹಲ್ಲಿನಿಂದ ಕಚ್ಚಿ ಹರಿದು ಕೊಟ್ಟರು. “ನೀವೇ ಹಚ್ಚಿ ಅಮ್ಮಾ, ಇತಿಹಾಸ ಇದು.” ಹಚ್ಚಿದೆ. ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗಲಿಲ್ಲ. ಸಕೀನವ್ವ ಮೊದಲು ಪಾದಕ್ಕೆ ಹಚ್ಚುತ್ತಿದ್ದರೋ, ದನಗಳಿಗೋ? ಇಷ್ಟು ವರ್ಷ ಪಕ್ಕದಲ್ಲೇ ನಿಂತು ನೋಡಿದ್ದೇನೆ. ನೆನಪಾಗಲಿಲ್ಲ. ಕ್ಯಾಮೆರಾದವನು “ಇನ್ನೊಂದ್ಸಲ, ಈ ಕಡೆ ನೋಡಿ” ಎಂದ. ಇನ್ನೊಂದು ಸಲ ಹಚ್ಚಿದೆ.

ಡಿಸೆಂಬರ್ 9, ಸೋಮವಾರ

ಕಲಿಧ್ವಜ ಬಂತು. ಮುಖಪುಟ ಪೂರ್ತಿ ನಾನೇ, ಬಣ್ಣದಲ್ಲಿ. ನಡುಮನೆಯ ಟೀವಿ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಸಂಜೆಯವರೆಗೂ ಯಾರೂ ಮುಟ್ಟಿಲ್ಲ. ಇವರು ಸಾರಿನ ಬಗ್ಗೆಯೂ ತಮಾಷೆ ಮಾಡುವುದಿಲ್ಲ ಈಗ, ಹಾಕಿದ್ದು ಉಂಡು ಏಳುತ್ತಾರೆ. ಆಶಾಳಿಗೆ ಫೋನಿನಲ್ಲಿ ಹೇಳಿದೆ. “ಸಕೀನಜ್ಜಿ ಹೆಂಗೈತೆ?” ಎಂದಳು. ನೆಟ್‌ವರ್ಕ್ ಸರಿಯಿಲ್ಲವೆಂದು ಇಟ್ಟೆ.

ಜಂಪಣ್ಣನವರು ಮುಂದಿನ ಲೇಖನ ಕೇಳುತ್ತಿದ್ದಾರೆ. ಅಜ್ಜಿ ಬೇರೆ ಏನೇನು ಹೇಳಿದ್ದರು ನೆನಪು ಮಾಡಿಕೊಳ್ಳಿ ಎನ್ನುತ್ತಾರೆ. ಎದೆ ಮತ್ತೆ ಹೊಡೆದುಕೊಳ್ಳುತ್ತಿದೆ. ಡಾಕ್ಟರು ಏನೂ ಇಲ್ಲ ಎಂದರು. ಅವರು ಹೇಳಿದರೆ ನಂಬಿಕೆ ಬರುವುದಿಲ್ಲ.

ಮಧ್ಯಾಹ್ನವಾದರೆ ಅತ್ತೆಯೂ ಕಾಂಚನಾಳೂ ಸಕೀನವ್ವನ ಅಂಗಳದಲ್ಲಿ. ವಲಿಸಾಬರು ತಳಕಿನಲ್ಲಿ ಯಾವುದೋ ಗ್ಯಾರೇಜಿಗೆ ಸೇರಿದ್ದಾರಂತೆ. ಕಾಂಚನಾಳ ಗಂಡನೇ ಮಾತಾಡಿ ಸೇರಿಸಿದ್ದಂತೆ. ಯಾರೂ ನನಗೆ ಹೇಳಲಿಲ್ಲ. ಅಂಗಳದಲ್ಲಿ ಮೂವರೂ ಕೂತು ಏನು ಮಾತಾಡುತ್ತಾರೆಂದು ನನಗೆ ಗೊತ್ತಿಲ್ಲವೇ. ನನ್ನದೇ ಇರಬೇಕು. ಆಡಿಕೊಳ್ಳಲಿ. ಹೆಸರು ಬಂದವರ ಬಗ್ಗೆಯೇ ಅಲ್ಲವೇ ಜನ ಆಡಿಕೊಳ್ಳುವುದು?

ಇವತ್ತು ಮೆಣಸಿನಕಾಯಿ ಒಣಹಾಕುವ ನೆಪದಲ್ಲಿ ಗೋಡೆಯ ಈಚೆ ಕೂತು ಕೇಳಿದೆ.

“ಅಷ್ಟು ಗಟ್ಟಿ ಹಿಡೀಬೇಡ್ವೇ ಸೂಜೀನ, ಅದೇನು ಓಡೋಗ್ತೈತಾ?” ಸಕೀನವ್ವನ ದನಿ. ಕಾಂಚನಾಳಿಗೆ ಕೌದಿ ಹೊಲೆಯಲು ಕಲಿಸುತ್ತಿದ್ದಾರೆ.

“ಬೆರಳಿಗೆ ಚುಚ್ತು ಸಕೀನವ್ವಾ!”

“ಏನೂ ಆಗಲ್ಲ ಹೋಗೇ.”

ಅತ್ತೆ ಏನೋ ಅಂದರು, ಮೂವರೂ ನಕ್ಕರು. ಆಮೇಲೆ ಅವರೆಕಾಯಿ ಬಂತು, ವಲಿಸಾಬರ ಹೊಸ ಕನ್ನಡಕ ಬಂತು, ಕಾಂಚನಾಳ ತವರಿನ ಯಾರದೋ ಮದುವೆ ಬಂತು. ಮೆಣಸಿನಕಾಯಿಯನ್ನು ಹರಡಿದ್ದನ್ನೇ ಮತ್ತೆ ಹರಡುತ್ತ, ಬಿಸಿಲು ಗೋಡೆ ದಾಟುವವರೆಗೂ ಕೇಳಿದೆ.

ನನ್ನ ಹೆಸರು ಬರಲೇ ಇಲ್ಲ.